ನೂರ ಹದಿನೆಂಟು ಮನೆಗಳ ಗೋಡೆ

ಆ ಬೀದಿಯಲ್ಲಿ ಎಲ್ಲರಿಗೂ ಅವರು ಮಾಮ. ಹಾಲು ಹಾಕುವವನಿಗೂ ಮಾಮ, ಹಾಲು ಹಾಕುವವನ ಅಜ್ಜಿಗೂ ಮಾಮ. ಹುಟ್ಟಿದಾಗ ಇಟ್ಟ ಹೆಸರೊಂದು ಇತ್ತು. ಅದು ಸರ್ಕಾರಿ ಕಾಗದಗಳಲ್ಲಿ ತನ್ನ ಪಾಡಿಗೆ ತಾನು ನಿದ್ದೆ ಮಾಡುತ್ತಿತ್ತು. ಮಾಮ ಎಂಬ ಹೆಸರನ್ನು ಬೀದಿಗೆಲ್ಲ ಹಂಚಿದವಳು ಅವರ ತಂಗಿಯ ಮಗಳು. ಗಂಡ ತೀರಿಕೊಂಡ ಮೇಲೆ ತಂಗಿ ಮೂರು ವರ್ಷದ ಮಗುವನ್ನು ಎತ್ತಿಕೊಂಡು ಅಣ್ಣನ ಮನೆಗೆ ಬಂದಿದ್ದಳು. ಬಂದ ದಿನವೇ ಆ ಮಗು ಅವರ ಕೆಲಸದ ಕೋಣೆಯ ಹೊಸ್ತಿಲ ಮೇಲೆ ಕೂತು, "ಮಾಮ, ಇದು ಯಾಕೆ ಕೆಂಪು? ಅದು ಯಾಕೆ ಅಂಟು? ನಿನ್ನ ಮೂಗು ಯಾಕೆ ನೀಲಿ?" ಎಂದು ಶುರುಮಾಡಿತು. ಶುರುಮಾಡಿದ್ದನ್ನು ನಿಲ್ಲಿಸಲೇ ಇಲ್ಲ. ಮಾಮ ಅವಳನ್ನು ಯಾಕಮ್ಮ ಎಂದು ಕರೆದರು. ಮೂವತ್ತು ವಯಸ್ಸು ದಾಟಿ ಅವಳು ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಮಿಸ್ ಆದ ಮೇಲೂ ಮನೆಯಲ್ಲಿ ಅದೇ ಹೆಸರು ಉಳಿಯಿತು.

ಮಾಮನ ಕಸುಬು ಬೋರ್ಡ್ ಬರೆಯುವುದು. ಅಂಗಡಿಯ ಹೆಸರು, ದವಾಖಾನೆಯ ಹೊತ್ತು, ಬಸ್ಸಿನ ವೇಳಾಪಟ್ಟಿ, "ಇಲ್ಲಿ ಗಾಡಿ ನಿಲ್ಲಿಸಬೇಡಿ". ಊರು ತನ್ನ ಬಗ್ಗೆ ತಾನು ಹೇಳಿಕೊಳ್ಳುವ ಮಾತೆಲ್ಲ ನಲವತ್ತು ವರ್ಷ ಅವರ ಕೈಯಿಂದಲೇ ಹೊರಬಿತ್ತು. ಕೈ ಊರಲು ಒಂದು ಬಿದಿರುಕೋಲು, ಅಳಿಲ ಬಾಲದ ಕೂದಲಿನ ಏಳು ಕುಂಚ, ನೀಲಿಪುಡಿ ಹಚ್ಚಿದ ಒಂದು ದಾರ. ದಾರವನ್ನು ಎರಡು ಮೊಳೆಗೆ ಬಿಗಿದು, ನಡುವೆ ಎಳೆದು ಪಟ್ಟನೆ ಬಿಟ್ಟರೆ ಗೋಡೆಯ ಮೇಲೆ ಗೆರೆ ಬೀಳುತ್ತಿತ್ತು. "ದೇವರೂ ಇಷ್ಟು ನೇರ ಎಳೆಯಲ್ಲ" ಎಂದು ಗಿರಾಕಿಗಳು ಹೊಗಳಿದರೆ, "ಅವನಿಗೆ ಅವಸರ" ಎನ್ನುತ್ತಿದ್ದರು.

ಅವರ ಗುರು ಕಲಿಸಿದ ಮೊದಲ ಪಾಠ ಕುಂಚದ್ದಲ್ಲ, ಕಣ್ಣಿನದು. ಕೊಟ್ಟ ಚೀಟಿಯನ್ನು ಮೂರು ಸಲ ಓದದೆ ಡಬ್ಬದ ಮುಚ್ಚಳ ತೆಗೆಯಬಾರದು. ಹಾಗೆ ಓದಿ ಓದಿ ಮಾಮನಿಗೊಂದು ಅಭ್ಯಾಸ ಬೆಳೆಯಿತು. ಚೀಟಿಯಲ್ಲಿ ತಪ್ಪು ಕಂಡರೆ ಯಾರಿಗೂ ಹೇಳದೆ ತಿದ್ದಿಬಿಡುವುದು. ಆಸ್ಪತ್ರೆಯವರು ಹೆಂಗಸರ ಶೌಚಾಲಯಕ್ಕೆ ಬಲಗಡೆ ಬಾಣ ಬರೆಯಲು ಹೇಳಿದ್ದರು. ಮಾಮ ನಡೆದು ನೋಡಿದರು, ಬಲಗಡೆ ಇದ್ದದ್ದು ಹೆಣದ ಕೋಣೆ. ಬಾಣವನ್ನು ಎಡಕ್ಕೆ ತಿರುಗಿಸಿ ಬಂದರು. ಬಸ್ ನಿಲ್ದಾಣದ ಚೀಟಿಯಲ್ಲಿ ಒಂದು ಬಸ್ಸು ಬರುವ ಮೊದಲೇ ಹೊರಟುಹೋಗಿತ್ತು. ಅದನ್ನೂ ದಾರಿಗೆ ತಂದರು. ಆಮೇಲೆ ತಿಳಿದುಕೊಂಡ ಗಿರಾಕಿಗಳು ಬಂದು ಕೈ ಹಿಡಿದುಕೊಳ್ಳುತ್ತಿದ್ದರು. ಹೆಂಡತಿ ಮಾತ್ರ, "ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಜಾತಿ ಇವರು. ಒಂದಿನ ನಾಲ್ಕು ಕಾಲಿನ ಮೊಲ ಸಿಗುತ್ತೆ, ತಾಳಿ" ಎನ್ನುತ್ತಿದ್ದರು.

ನಲವತ್ತು ವರ್ಷದಲ್ಲಿ ಒಂದೇ ಒಂದು ಬೋರ್ಡು ಅವರಿಗೆ ಕೆಟ್ಟ ಹೆಸರು ತಂದಿತ್ತು. ದೊಡ್ಡ ಚರಂಡಿಯ ಪಕ್ಕದ ಡಾಕ್ಟರಿಗೆ ಬರೆದ ಬಿಳಿ ಬೋರ್ಡು ಒಂದೇ ವರ್ಷದಲ್ಲಿ ಹೊಗೆ ಹಿಡಿದ ಬಾಣಲೆಯಂತೆ ಕಪ್ಪಾಗಿತ್ತು. ಕಳಪೆ ಬಣ್ಣ ಎಂದು ಡಾಕ್ಟರು ಬೈದರು. ಮಾಮ ಮತ್ತೆ ಬಳಿದರು, ಅದು ಮತ್ತೆ ಕಪ್ಪಾಯಿತು. ಆಗ ಯಾಕಮ್ಮನಿಗೆ ಎಂಟು ವರ್ಷ. ಯಾಕೆ ಎಂದು ಕೇಳಿದ್ದಳು, ಮಾಮನಲ್ಲಿ ಉತ್ತರವಿರಲಿಲ್ಲ. ಹತ್ತು ವರ್ಷದ ನಂತರ ಕಾಲೇಜಿನಿಂದ ಓಡೋಡಿ ಬಂದು ಚಪ್ಪಲಿ ಕೂಡ ಬಿಡದೆ, "ಮಾಮ, ತಪ್ಪು ನಿಂದಲ್ಲ!" ಎಂದು ಕೂಗಿದಳು. "ನಿನ್ನ ಬಿಳಿಯಲ್ಲಿ ಇದ್ದದ್ದು ಸೀಸ. ಚರಂಡಿ ಗಾಳಿಯಲ್ಲಿ ಇದ್ದದ್ದು ಗಂಧಕ. ಎರಡೂ ಕೂಡಿದ್ರೆ ಕಪ್ಪಾಗ್ತವೆ. ಮದುವೆ ಮಾಡ್ಸಿದ್ದು ಚರಂಡಿ, ಬೈಸ್ಕೊಂಡಿದ್ದು ನೀನು!" ಮಾಮ ಅಂದು ಊಟಕ್ಕೆ ಕೂತವರು ಎರಡು ಸಲ ಸುಮ್ಮನೆ ನಕ್ಕರು. ಡಾಕ್ಟರು ತೀರಿಕೊಂಡು ಆರು ವರ್ಷವಾಗಿತ್ತು. ಇದ್ದಿದ್ದರೆ ಹೋಗಿ ಹೇಳಿಬರುತ್ತಿದ್ದರು.

ಆಮೇಲೆ ಊರಿಗೆ ಫ್ಲೆಕ್ಸ್ ಬಂತು. ವಾರಗಟ್ಟಲೆ ಬರೆಯುತ್ತಿದ್ದುದನ್ನು ಯಂತ್ರವೊಂದು ಅರ್ಧ ಗಂಟೆಯಲ್ಲಿ ಉಗುಳಿಬಿಡುತ್ತಿತ್ತು. ಮಾಮನಿಗೆ ಲಾರಿಗಳ ಹಿಂಬದಿ, ಗಾಡಿಗಳ ನಂಬರು, ಅಷ್ಟೇ ಉಳಿಯಿತು. ಕುಂಚಗಳನ್ನು ಮಾತ್ರ ದಿನವೂ ತೊಳೆದು, ತುದಿಯನ್ನು ತುಟಿಯಲ್ಲಿ ಚೂಪು ಮಾಡಿ, ಮಲಗಿಸಿ ಇಡುತ್ತಿದ್ದರು.

ಹೀಗಿರುವಾಗ ಯಾಕಮ್ಮನ ಶಾಲೆಯಲ್ಲಿ ಮಹಡಿ ಮೆಟ್ಟಿಲ ಪಕ್ಕದ ಉದ್ದ ಗೋಡೆಯ ಮೇಲೆ ಧಾತುಗಳ ಕೋಷ್ಟಕ ಹಾಕಿಸುವ ಮಾತು ಬಂತು. ಜಗತ್ತಿನ ಯಾವ ವಸ್ತುವನ್ನು ಒಡೆಯುತ್ತ ಹೋದರೂ ಕೊನೆಗೆ ಸಿಗುವ ನೂರ ಹದಿನೆಂಟು ಮೂಲಧಾತುಗಳು, ಒಂದೊಂದಕ್ಕೂ ಒಂದೊಂದು ಮನೆ. ಹೆಡ್ ಮೇಡಂ ಫ್ಲೆಕ್ಸ್ ಸಾಕು ಎಂದರು. ಯಾಕಮ್ಮ ಹಟ ಹಿಡಿದಳು.

"ಫ್ಲೆಕ್ಸ್ ಎರಡು ವರ್ಷಕ್ಕೆ ಬಿಳಿಚಿಕೊಳ್ಳುತ್ತೆ ಮೇಡಂ. ನನ್ನ ಮಾಮ ಬರೆದ್ರೆ ನಮ್ಮ ಮೊಮ್ಮಕ್ಕಳೂ ಓದ್ತಾರೆ."

"ಕೈಯಲ್ಲಿ ಬರೆದ್ರೆ ತಪ್ಪು ಬರುತ್ತೆ. ನೂರ ಹದಿನೆಂಟು ಮನೆ ಕಣಮ್ಮ."

"ನನ್ನ ಮಾಮ ತಪ್ಪು ಬರೆಯಲ್ಲ."

ಹೆಡ್ ಮೇಡಂ ಕನ್ನಡಕ ತೆಗೆದು ಅವಳನ್ನು ನೋಡಿದರು. "ಸರಿ. ಒಂದು ತಪ್ಪು ಸಿಕ್ಕರೂ ಗೋಡೆಗೆ ಸುಣ್ಣ, ಅದರ ಮೇಲೆ ಫ್ಲೆಕ್ಸ್. ಆಮೇಲೆ ನನ್ನ ಹತ್ರ ಅಳಬಾರದು."

ಈ ಮಾತು ಮಾಮನಿಗೆ ತಲುಪಿತು. ಎದ್ದು ಹೋಗಿ ಏಳು ಕುಂಚಗಳನ್ನೂ ಬೆಳಕಿಗೆ ಹಿಡಿದು ನೋಡಿದರು.

ಐದು ವಾರದ ಕೆಲಸ. ಯಾಕಮ್ಮ ಟೈಪ್ ಮಾಡಿಸಿದ ನಾಲ್ಕು ಹಾಳೆ ಕೊಟ್ಟಳು: ಪ್ರತಿ ಧಾತುವಿನ ಕ್ರಮಸಂಖ್ಯೆ, ಗುರುತಿನ ಅಕ್ಷರ, ಹೆಸರು, ಕೆಳಗೆ ಅದರ ತೂಕ. ಪಾಠ ಮುಗಿಸಿ ಮೆಟ್ಟಿಲಿಳಿದು ಬಂದು, ಏಣಿಯ ಕೆಳಗೆ ಕೂತು, ಅಂದು ಬರೆದ ಮನೆಗಳ ಕಥೆ ಹೇಳುತ್ತಿದ್ದಳು. ಚಿಕ್ಕಂದಿನಲ್ಲಿ ಅವಳು ಕೇಳುತ್ತಿದ್ದಳು. ಈಗ ಕೇಳುವ ಸರದಿ ಮಾಮನದು.

ಬಂಗಾರ ಮಾಡುವ ಹುಚ್ಚಿನಲ್ಲಿ ಒಬ್ಬ ಬಿಂದಿಗೆಗಟ್ಟಲೆ ಮೂತ್ರ ಕೂಡಿಟ್ಟು ಕುದಿಸಿದ್ದನಂತೆ. ಬಂಗಾರ ಬರಲಿಲ್ಲ, ಕತ್ತಲಲ್ಲಿ ಹೊಳೆಯುವ ರಂಜಕ ಬಂತು. "ಅವನ ಹೆಂಡ್ತಿ ಸುಮ್ನೆ ಇದ್ಳಾ?" ಎಂದು ಮಾಮ ಕೇಳಿದರು. ಹೀಲಿಯಮ್ಮನ್ನು ಮೊದಲು ಕಂಡದ್ದು ಭೂಮಿಯಲ್ಲಲ್ಲ, ಸೂರ್ಯನ ಬೆಳಕಿನಲ್ಲಿ. ಅಲ್ಯೂಮಿನಿಯಮ್ಮು ಒಂದು ಕಾಲಕ್ಕೆ ಬಂಗಾರಕ್ಕಿಂತ ದುಬಾರಿ. ಒಬ್ಬ ರಾಜ ಪರಮಾಪ್ತ ಅತಿಥಿಗಳಿಗೆ ಅಲ್ಯೂಮಿನಿಯಮ್ ತಟ್ಟೆ ಇಟ್ಟು, ಉಳಿದವರಿಗೆ ಬಂಗಾರದ ತಟ್ಟೆಯಲ್ಲಿ ಬಡಿಸಿದನೆಂದು ಪ್ರತೀತಿ. ಅಂದು ಸಂಜೆ ಮಾಮ ಈ ಕಥೆಯನ್ನು ಮನೆಗೆ ಹೊತ್ತು ತಂದರು. ಹೆಂಡತಿ ಸೊಟ್ಟಾದ ತಮ್ಮ ಅಲ್ಯೂಮಿನಿಯಮ್ ಪಾತ್ರೆಯನ್ನು ಎತ್ತಿ ಹಿಡಿದು, "ಹಾಗಾದ್ರೆ ರಾಜರು ಕೈ ತೊಳ್ಕೊಂಡು ಬರ್ಲಿ" ಎಂದರು.

ತಮ್ಮ ಡಬ್ಬಗಳಲ್ಲಿ ಇಷ್ಟು ದಿನ ಇದ್ದದ್ದು ಈ ಧಾತುಗಳೇ ಎಂದು ತಿಳಿದಾಗ ಮಾಮನಿಗೆ ಆದ ಖುಷಿ ಹೇಳತೀರದು. ಕಾವಿಯ ಕೆಂಪು ಅಂದರೆ ಕಬ್ಬಿಣ. ಕಾಡಿಗೆಯ ಕಪ್ಪು ಅಂದರೆ ಇಂಗಾಲ. ಬರೀ ಬಿಳಿ ಎಂದುಕೊಂಡಿದ್ದರಲ್ಲಿ ಒಂದು ಸತು, ಇನ್ನೊಂದು ಟೈಟಾನಿಯಮ್. ಜೀವನವಿಡೀ ಒಂದೇ ಓಣಿಯಲ್ಲಿದ್ದು ಹೆಸರು ಕೇಳದೆ ಹೋದ ನೆರೆಯವರ ಹಾಗೆ. ಕೋಬಾಲ್ಟ್ ನೀಲಿಯ ಹೆಸರು ಗಣಿಯ ದೆವ್ವದ್ದಂತೆ. ಬೆಳ್ಳಿಯ ಆಸೆಗೆ ಅಗೆದವರ ಕೈಗೆ ಆ ಕೆಟ್ಟ ಕಲ್ಲು ಬಂದು, ಕುಲುಮೆಯಲ್ಲಿ ವಿಷದ ಹೊಗೆ ಎದ್ದಾಗ ಅವರು ದೆವ್ವವನ್ನು ಶಪಿಸಿದರಂತೆ. "ನಲವತ್ತು ವರ್ಷ ನನ್ನ ಹತ್ರ ಇತ್ತಲ್ಲ, ಪಾಪ, ಏನೂ ಮಾಡ್ಲಿಲ್ಲ" ಎಂದು ಮಾಮ ಡಬ್ಬವನ್ನು ತಟ್ಟಿದರು. ಯಾವ ಧಾತುವಿಗೆ ತನ್ನದೇ ಬಣ್ಣ ಉಂಟೋ ಅದರ ಮನೆಗೆ ಅದೇ ಬಣ್ಣ ಬಳಿಯುವುದೆಂದು ತೀರ್ಮಾನಿಸಿದರು. ಸೀಸದ ಹಳೆಯ ಡಬ್ಬ ತೆಗೆದಾಗ ಮಾತ್ರ ಯಾಕಮ್ಮ ಕೈ ಹಿಡಿದಳು.

"ಮಕ್ಕಳು ಮುಟ್ಟೋ ಗೋಡೆ ಮಾಮ. ಸೀಸ ಬೇಡ, ಪಾದರಸ ಬೇಡ, ಆ ವಿಷದ ಹಳದಿ ಹರಿದಾಳವೂ ಬೇಡ."

"ಸೀಸದ ಮನೆಗೆ ಸೀಸಾನೇ ಬರ್ಬಾರ್ದಾ?"

"ಮನೆ ಬೋರ್ಡ್ ಇರ್ಲಿ, ಮನೆಯೋರು ಬೇಡ."

ಚಿನ್ನದ ಮನೆಗೆ, ಹಿಂದೊಮ್ಮೆ ಆಭರಣದಂಗಡಿಯ ಬೋರ್ಡಿಗೆ ತಂದು ಉಳಿದಿದ್ದ ಒಂದೇ ಒಂದು ಚಿನ್ನದ ರೇಕನ್ನು ಉಸಿರು ಬಿಗಿಹಿಡಿದು ಅಂಟಿಸಿದರು.

ತೂಕದ ಅಂಕಿಗಳನ್ನು ಬರೆಯುವಾಗ, ನಾಲ್ಕನೆಯ ವಾರ, ಮಾಮನ ಕಣ್ಣಿಗೆ ಅದು ಬಿತ್ತು. ಕ್ರಮಸಂಖ್ಯೆ ಏರಿದಂತೆ ತೂಕವೂ ಏರುತ್ತಿತ್ತು, ಮೆಟ್ಟಿಲು ಹತ್ತಿದ ಹಾಗೆ. ಆದರೆ ನಾಲ್ಕು ಕಡೆ ಕಾಲು ಜಾರಿತ್ತು. ಐವತ್ತೆರಡನೆಯ ಟೆಲ್ಯೂರಿಯಮ್ಮಿಗೆ ನೂರ ಇಪ್ಪತ್ತೇಳು ಪಾಯಿಂಟ್ ಆರು. ಅದರ ಮುಂದಿನ ಅಯೋಡಿನ್ನಿಗೆ ನೂರ ಇಪ್ಪತ್ತಾರು ಪಾಯಿಂಟ್ ಒಂಬತ್ತು. ಹಾಗೆಯೇ ಆರ್ಗಾನ್ ಮತ್ತು ಪೊಟ್ಯಾಸಿಯಮ್, ಕೋಬಾಲ್ಟ್ ಮತ್ತು ನಿಕಲ್, ಕೆಳಗಿನ ಸಾಲಿನಲ್ಲಿ ಇನ್ನೊಂದು ಜೋಡಿ. ಮಾಮ ಮೂರು ಸಲ ಓದಿದರು. ಟೈಪ್ ಮಾಡಿದವನು ಅಕ್ಕಪಕ್ಕದ ಅಂಕಿಗಳನ್ನು ಅದಲುಬದಲು ಮಾಡಿದ್ದಾನೆ, ಪಾಪ, ಸಂಜೆಯಾಗಿರಬೇಕು ಎಂದುಕೊಂಡರು. ಕೊನೆಯ ಸಾಲಿನ ಕೆಲವು ತೂಕಗಳೂ ಹಿಂದೆ ಮುಂದೆ ಇದ್ದವು, ಆದರೆ ಅವು ಕಂಸದೊಳಗಿದ್ದವು. ಬರೆದವರಿಗೇ ಖಾತ್ರಿಯಿಲ್ಲದ್ದನ್ನು ತಾವು ತಿದ್ದುವುದು ಸಲ್ಲದು ಎಂದು ಬಿಟ್ಟರು. ನಾಲ್ಕು ಜೋಡಿಗಳ ತೂಕವನ್ನು ಮಾತ್ರ ಅದಲುಬದಲು ಮಾಡಿ ಸರಿಯಾದ ಏರಿಕೆಯಲ್ಲಿ ಬರೆದರು. ಯಾರಿಗೂ ಹೇಳಲಿಲ್ಲ. ಯಾಕಮ್ಮ ಬಂದು ಹೆಸರು, ಗುರುತು ಎಲ್ಲ ತಾಳೆ ನೋಡಿದಳು. ಸಣ್ಣ ಅಂಕಿಗಳ ಮೇಲೆ ಅವಳ ಕಣ್ಣು ಪ್ರೀತಿಯಿಂದ ಹಾದುಹೋಯಿತು, ಓದಲಿಲ್ಲ.

ಗೋಡೆ ನೋಡಲು ಮಕ್ಕಳ ಪಾಲಕರು ಬರುವ ದಿನದ ಹಿಂದಿನ ಮಧ್ಯಾಹ್ನ. ಗೋಡೆಗೆ ಹಳೆಯ ಬಟ್ಟೆ ಇಳಿಬಿಟ್ಟಿತ್ತು. ಮಾಮ ಏಣಿಯ ಮೇಲೆ ನಿಂತು ಮೇಲಂಚಿನ ಗೆರೆ ಎಳೆಯುತ್ತಿದ್ದರು. ಕೆಳಗೆ ಯಾಕಮ್ಮ ತನ್ನ ತರಗತಿಯನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು, ನಾಳೆ ಬಂದವರಿಗೆ ಏನು ಹೇಳಬೇಕೆಂದು ಕಲಿಸುತ್ತಿದ್ದಳು.

"ಈ ಕೋಷ್ಟಕ ಮೊದಲು ಕಟ್ಟಿದೋರು ಒಬ್ಬ ಉದ್ದ ಗಡ್ಡದ ಪ್ರಾಧ್ಯಾಪಕರು. ಹಗುರದಿಂದ ಭಾರಕ್ಕೆ ಧಾತುಗಳನ್ನ ಸಾಲಾಗಿ ಇಟ್ಕೊಂಡು ಬಂದ್ರು. ಟೆಲ್ಯೂರಿಯಮ್ ಹತ್ರ ಬಂದು ಸಿಕ್ಕಿಹಾಕ್ಕೊಂಡ್ರು. ಅದರ ತೂಕ ಜಾಸ್ತಿ, ಅಯೋಡಿನ್ನಿಂದು ಕಮ್ಮಿ. ತೂಕ ನೋಡಿದ್ರೆ ಅಯೋಡಿನ್ ಮೊದಲು ಬರಬೇಕು. ಆದ್ರೆ ಅಯೋಡಿನ್ನಿನ ಗುಣ ನೋಡಿದ್ರೆ ಅದು ಕ್ಲೋರಿನ್ ಮನೆತನದ್ದು. ಏನು ಮಾಡಿದ್ರು ಹೇಳಿ?"

"ಗುಣಾನೇ ನೋಡಿದ್ರು ಮಿಸ್" ಎಂದಿತು ಒಂದು ಜಡೆ.

"ಹ್ಞಾಂ. ಟೆಲ್ಯೂರಿಯಮ್ಮನ್ನೇ ಮೊದಲು ಇಟ್ರು. ಇಟ್ಟು, ತೂಕ ಮಾಡಿದೋರದ್ದೇ ತಪ್ಪು, ಮತ್ತೆ ತೂಗಿ ಅಂದ್ರು. ಎಷ್ಟು ಸಲ ತೂಗಿದ್ರೂ ಅಷ್ಟೇ ಬಂತು. ತೂಕ ಸರಿಯಾಗೇ ಇತ್ತು. ಸಾಲು ನಿಂತಿದ್ದು ತೂಕದ ಮೇಲಲ್ಲ, ಪರಮಾಣುವಿನ ಒಡಲಲ್ಲಿರೋ ಪ್ರೋಟಾನುಗಳ ಎಣಿಕೆ ಮೇಲೆ ಅಂತ ಗೊತ್ತಾಗಿದ್ದು ಅವರು ಹೋದ ಮೇಲೆ. ನಾಳೆ ಈ ಬಟ್ಟೆ ತೆಗೆದಾಗ ಆ ಎರಡು ಅಂಕಿ ತೋರ್ಸಿ ಹೇಳೋದು ನೀನು. ಸರೀನಾ?"

ಜಡೆ ತಲೆಯಾಡಿಸಿತು. ಏಣಿಯ ಮೇಲೆ ಕುಂಚ ನಿಂತಿತು. ನಲವತ್ತು ವರ್ಷದಲ್ಲಿ ಮೊದಲ ಬಾರಿಗೆ ಮಾಮನ ಗೆರೆಯಿಂದ ಒಂದು ಹನಿ ಕೆಳಗಿಳಿಯಿತು.

ಸಂಜೆ ಅವರು ತೂಕ ತಿದ್ದಿದ್ದನ್ನು ಹೆಂಡತಿಗೆ ಹೇಳಿದರು. ಹೆಂಡತಿ ತರಕಾರಿ ಹೆಚ್ಚುವುದನ್ನು ನಿಲ್ಲಿಸಿದರು.

"ಯಾರಾದ್ರೂ ನೋಡಿದ್ರಾ?"

"ಇಲ್ಲ."

"ನೋಡ್ತಾರಾ?"

"ಆ ಮಗು ನಾಳೆ ಅಲ್ಲೇ ಬೆರಳಿಡುತ್ತೆ."

"ಮಗುವಿಗೆ ಯಾಕಮ್ಮ ಬೇರೆ ಏನಾದ್ರೂ ಹೇಳ್ಕೊಟ್ರೆ ಆಯ್ತು. ಬಾಯಿ ಬಿಟ್ಟರೆ ಬಣ್ಣಗೇಡು. ಗೋಡೆಗೆ ಸುಣ್ಣ ಅಂದಿದಾರೆ ಆ ಮೇಡಂ, ಮರೆತ್ರಾ?" ಎಂದರು. ಹೆಂಡತಿ ಎರಡು ಬದನೆಕಾಯಿ ಹೆಚ್ಚಿ, ಚಾಕು ಕೆಳಗಿಟ್ಟು, ಗಂಡನ ಮುಖ ನೋಡಿದರು. ನಾಲ್ಕು ಕಾಲಿನ ಮೊಲದ ಮಾತು ಅವರ ನಾಲಗೆಯ ತುದಿಯಲ್ಲಿತ್ತು. ನುಂಗಿಕೊಂಡರು. "ಬೆಳಿಗ್ಗೆ ಎಷ್ಟೊತ್ತಿಗೆ ಹೋಗ್ತೀರಿ? ಚಹಾ ಕುದಿಸಿ ಫ್ಲಾಸ್ಕಿಗೆ ಹಾಕ್ಕೊಡ್ತೀನಿ."

ಹೇಳದೆ ಇರಬಹುದಿತ್ತು. ಮಾಮನಿಗೆ ಅದು ಗೊತ್ತಿತ್ತು. ಗೋಡೆ ಉಳಿಯುತ್ತಿತ್ತು, ತಪ್ಪು ಬರೆಯದ ಕೈ ಎಂಬ ಹೆಸರೂ ಉಳಿಯುತ್ತಿತ್ತು. ಆದರೆ ಯಾಕಮ್ಮ ವರ್ಷ ವರ್ಷವೂ ಆ ಮೆಟ್ಟಿಲ ಮೇಲೆ ನಿಂತು ಮಕ್ಕಳಿಗೆ ನಿಜ ಹೇಳುತ್ತಾಳೆ. ಅವಳ ಬೆನ್ನ ಹಿಂದೆ ತಮ್ಮ ಚೆಂದದ ಅಕ್ಷರ, 'ಅಲ್ಲ, ಇವಳು ಹೇಳುವುದು ಸುಳ್ಳು' ಎನ್ನುತ್ತಿರುತ್ತದೆ. ಅದನ್ನು ಅವರಿಂದ ನೆನೆಯಲಾಗಲಿಲ್ಲ.

ಬೆಳಿಗ್ಗೆ ಏಳಕ್ಕೆ ಕಾವಲುಗಾರ ಗೇಟು ತೆಗೆದ. ಎಂಟೂವರೆಗೆ ಯಾಕಮ್ಮ ಬಂದಾಗ ಬಟ್ಟೆ ಸರಿದಿತ್ತು. ಮಾಮ ಎಂಟು ಮನೆಗಳ ತೂಕವನ್ನು ಮರಳುಕಾಗದದಿಂದ ಉಜ್ಜಿ ತೆಗೆದು, ಅದರ ಮೇಲೆ ಆಯಾ ಮನೆಯ ಬಣ್ಣ ಬಳಿದು ಮುಗಿಸುತ್ತಿದ್ದರು.

"ಮಾಮ! ಏನಿದು?"

"ಹಾಳೆ ಸರಿ ಇತ್ತು ಮಗಳೇ. ನಾನು ತಿದ್ದಿಬಿಟ್ಟೆ."

ಅವಳು ಗೋಡೆ ನೋಡಿದಳು, ಹಾಳೆ ನೋಡಿದಳು, ಯಾವ ಎಂಟು ಎಂದು ಗುರುತಿಸಿದಳು. ಅವಳಿಗೆ ಅರ್ಥವಾಯಿತು. ಮೆಟ್ಟಿಲ ಮೇಲೆ ಕೂತಳು. "ನಾನು ತೂಕ ಓದಲೇ ಇಲ್ಲ ಮಾಮ. ನೀನು ಬರೆದಿದ್ದನ್ನ ಯಾರಾದ್ರೂ ತಾಳೆ ನೋಡ್ತಾರಾ ಅಂತ."

"ಈಗ್ಲೇ ಬರೆಯೋಕಾಗಲ್ಲ. ಹಸಿ. ಮಧ್ಯಾಹ್ನ ಮೂರಾದ್ರೂ ಆಗ್ಬೇಕು."

ಪಾಲಕರು ಬರುವುದು ಹತ್ತಕ್ಕೆ. ಹೆಡ್ ಮೇಡಂ ಬಂದದ್ದು ಒಂಬತ್ತಕ್ಕೆ ಐದು ನಿಮಿಷ ಇರುವಾಗ. ಅವರು ಗೋಡೆಯ ಮುಂದೆ ನಿಂತರು. ಎಂಟು ಮನೆಗಳು ಹಸಿಯಾಗಿ ಮಿರುಗುತ್ತಿದ್ದವು.

"ಇದೇನು?" ಎಂದು ಯಾಕಮ್ಮನನ್ನು ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ಮಾಮ ಏಣಿಯಿಂದ ಇಳಿದು ಬಂದರು. ಕುಂಚವನ್ನು ಬೆನ್ನ ಹಿಂದೆ ಹಿಡಿದಿದ್ದರು, ಕದ್ದು ಸಿಕ್ಕಿಬಿದ್ದವರ ಹಾಗೆ.

"ತಪ್ಪು ಬರೆದಿದ್ದೆ ಮೇಡಂ. ಎಂಟು. ನಿಮ್ಮ ಮಿಸ್ ಕೊಟ್ಟ ಹಾಳೆಯಲ್ಲಿ ಸರಿಯಾಗೇ ಇತ್ತು. ಅವಳದ್ದೇನೂ ಇಲ್ಲ ಇದರಲ್ಲಿ." ಹಾಳೆ ಚಾಚಿದರು. "ಎಲ್ಲಾ ಕಡೆ ಏರ್ತಾ ಬಂದಿದೆ ನೋಡಿ. ಇಲ್ಲಿ ಇಳೀತು. ಟೈಪ್ ಮಾಡಿದೋನು ಎಡವಿದ ಅಂದ್ಕೊಂಡೆ."

ಹೆಡ್ ಮೇಡಂ ಮೊದಲು ಗಣಿತ ಕಲಿಸುತ್ತಿದ್ದವರು. ಹಾಳೆಯನ್ನು ಕೈಗೆ ತೆಗೆದುಕೊಂಡು, ಬೆರಳಿಟ್ಟು, ಮೊದಲಿನಿಂದ ಓದತೊಡಗಿದರು. ಗಡಿಯಾರ ನಡೆಯುತ್ತಿತ್ತು. ಹದಿನೆಂಟರಲ್ಲಿ ಬೆರಳು ನಿಂತಿತು. ಇಪ್ಪತ್ತೇಳರಲ್ಲಿ ನಿಂತಿತು. ಐವತ್ತೆರಡರಲ್ಲಿ ಹುಬ್ಬು ಮೇಲೇರಿತು.

"ಇದನ್ನ ನನ್ನ ಕೈಗೆ ಕೊಟ್ಟಿದ್ರೆ," ಎಂದರು ನಿಧಾನವಾಗಿ, "ನಾನು ಟೈಪ್ ಮಾಡಿದೋನನ್ನ ಕರೆಸಿ ಬೈತಿದ್ದೆ."

"ಆ ಪ್ರಾಧ್ಯಾಪಕರೂ ಅದನ್ನೇ ಮಾಡಿದ್ದು ಮೇಡಂ" ಎಂದಳು ಯಾಕಮ್ಮ ಸಣ್ಣ ದನಿಯಲ್ಲಿ. "ಮತ್ತೆ, ಅವರ ಮೊದಲ ಕೋಷ್ಟಕದಲ್ಲೂ ಖಾಲಿ ಜಾಗ ಇತ್ತು. ಇನ್ನೂ ಸಿಗದ ಧಾತುಗಳಿಗೆ ಅಂತ ಬಿಟ್ಟಿದ್ರು."

"ನೀನು ಸುಮ್ಮನಿರಮ್ಮ. ನಿನ್ನ ಮಾಮ ಅಂದ್ರೆ ನಿನಗೆ ಇತಿಹಾಸವೆಲ್ಲ ನೆನಪಾಗುತ್ತೆ." ಮೇಡಂ ಮಾಮನ ಕಡೆ ತಿರುಗಿದರು. "ತಪ್ಪು ಸಿಕ್ಕರೆ ಸುಣ್ಣ ಅಂದಿದ್ದೆ. ಇದು ನನಗೆ ಸಿಕ್ಕಿದ್ದಲ್ಲ, ನೀವೇ ತಂದು ಕೊಟ್ಟಿದ್ದು. ಆದ್ರೆ ಹತ್ತು ಗಂಟೆಗೆ ಇನ್ನೂರು ಜನ ಬರ್ತಾರೆ. ಈ ಎಂಟು ಮನೆ ಯಾಕೆ ಖಾಲಿ ಅಂತ ಕೇಳ್ತಾರೆ. ನಾನಂತೂ ಹೇಳಲ್ಲ, ಇವಳೂ ಹೇಳಕೂಡದು. ನೀವೇ ನಿಂತು ಹೇಳಿ. ಹೇಳಿದ್ರೆ ಗೋಡೆ ಇರಲಿ."

ಮಾಮ ಕುಂಚವನ್ನು ಮುಂದಕ್ಕೆ ತಂದು ಒರೆಸಿದರು. ಊರಿನ ಎಲ್ಲ ಗೋಡೆಗಳಿಗೂ ಮಾತು ಕೊಟ್ಟ ಆ ಮನುಷ್ಯ ನಾಲ್ಕು ಜನರ ಮುಂದೆ ಒಂದು ಮಾತು ಆಡಿದವರಲ್ಲ. ಸುಣ್ಣವೇ ವಾಸಿ ಎಂದು ಒಂದು ಗಳಿಗೆ ಅನ್ನಿಸಿತು. ಯಾಕಮ್ಮನ ಮುಖ ನೋಡಿ, "ಆಯ್ತು" ಎಂದರು.

ಹತ್ತಕ್ಕೆ ಜನ ಬಂದರು. ಮೆಟ್ಟಿಲು ತುಂಬಿತು. ಮಾಮ ಗೋಡೆಯ ಕಡೆಗೇ ಮುಖ ಮಾಡಿ ಮಾತು ಶುರುಮಾಡಿದರು. ಹೆಂಡತಿ ಗುಂಪಿನ ಹಿಂದಿನಿಂದ, "ರೀ, ಈ ಕಡೆ" ಎಂದಾಗ ತಿರುಗಿದರು.

"ನಾನು ಜನರ ತಪ್ಪು ತಿದ್ದೋನು" ಎಂದರು. "ಹೇಳದೆ ತಿದ್ದೋನು. ಇಲ್ಲಿ ತಪ್ಪು ಇರ್ಲಿಲ್ಲ. ಲೋಕ ಇರೋದೇ ಹಾಗೆ, ಭಾರ ಇರೋದು ಮುಂಚೆ, ಹಗುರ ಇರೋದು ಆಮೇಲೆ. ಅದು ನನಗೆ ಗೊತ್ತಿರ್ಲಿಲ್ಲ. ಕೇಳ್ಬಹುದಿತ್ತು, ಕೇಳ್ಲಿಲ್ಲ." ಗೋಡೆಯ ಕಡೆ ಕೈ ತೋರಿಸಿದರು. "ಮುಟ್ಬೇಡಿ, ಹಸಿ ಇದೆ" ಎಂದು ಮುಗಿಸಿದರು.

ಯಾರೋ ನಕ್ಕರು, ಒಳ್ಳೆಯ ನಗು. ಅದು ಮೆಟ್ಟಿಲು ಹತ್ತಿ ಮೇಲಕ್ಕೆ ಹೋಯಿತು. ಜಡೆಯ ಹುಡುಗಿ ಮುಂದೆ ಬಂದು, ಹಸಿ ಬಣ್ಣಕ್ಕೆ ತಾಗದಂತೆ ಬೆರಳು ತೋರಿಸಿ, ಗಡ್ಡದ ಪ್ರಾಧ್ಯಾಪಕರ ಕಥೆ ಹೇಳಿದಳು. ತೂಕದ ಅಂಕಿಯಿಲ್ಲದ ಟೆಲ್ಯೂರಿಯಮ್, ಅಯೋಡಿನ್ ಮನೆಗಳ ಮುಂದೆ ಜನ ಬಹಳ ಹೊತ್ತು ನಿಂತರು. ಚಿನ್ನದ ರೇಕನ್ನು ಅಷ್ಟು ಹೊತ್ತು ಯಾರೂ ನೋಡಲಿಲ್ಲ.

ಮೂರೂವರೆಗೆ ಬಣ್ಣ ಒಣಗಿತು. ಶಾಲೆ ಖಾಲಿಯಾಗಿತ್ತು. ಹೆಂಡತಿ ಮೇಲಿನ ಮೆಟ್ಟಿಲ ಮೇಲೆ ಫ್ಲಾಸ್ಕು ಹಿಡಿದು ಕೂತಿದ್ದರು. ಯಾಕಮ್ಮ ಹಾಳೆ ಓದಿದಳು, ಮಾಮ ಬರೆದರು. ಟೆಲ್ಯೂರಿಯಮ್ಮಿನ ಕೆಳಗೆ ನೂರ ಇಪ್ಪತ್ತೇಳು ಪಾಯಿಂಟ್ ಆರು ಬಂತು. ಮುಂದಿನ ಮನೆಗೆ ಹೋದಾಗ ಕುಂಚ ಗಾಳಿಯಲ್ಲಿ ತಡೆಯಿತು.

"ನೂರ ಇಪ್ಪತ್ತಾರು ಪಾಯಿಂಟ್ ಒಂಬತ್ತು" ಎಂದಳು ಯಾಕಮ್ಮ ಮತ್ತೊಮ್ಮೆ.

"ಕೇಳಿಸ್ತು. ಕೈ ಒಪ್ತಾ ಇಲ್ಲ."

"ಬರಿ ಮಾಮ."

ಬರೆದರು. ಎಂಟೂ ಮುಗಿದ ಮೇಲೆ ಏಣಿಯಿಂದಿಳಿದು, ಹೆಂಡತಿಯ ಪಕ್ಕದಲ್ಲಿ ಕೂತು, ಚಹಾದ ಲೋಟ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಯಾಕಮ್ಮ, ಮೊದಲಿಂದ ಒಂದ್ಸಲ ತಾಳೆ ನೋಡು. ತೂಕ ಸಮೇತ. ಗಟ್ಟಿಯಾಗಿ ಓದು, ನಾನೂ ಕೇಳ್ತೀನಿ."

ನಲವತ್ತು ವರ್ಷದಲ್ಲಿ ಅವರು ಯಾರಿಗೂ ಹೀಗೆ ಹೇಳಿರಲಿಲ್ಲ. ಯಾಕಮ್ಮ ಹಾಳೆ ಹಿಡಿದು ಗೋಡೆಯ ಎಡತುದಿಗೆ ನಡೆದಳು.

"ಜಲಜನಕ. ಒಂದು ಪಾಯಿಂಟ್ ಸೊನ್ನೆ ಸೊನ್ನೆ ಎಂಟು."

"ಹ್ಞೂಂ" ಎಂದರು ಮಾಮ.